ಬಸವಣ್ಣನವರ ಪಟವೂ ಕಲ್ಯಾಣದ ಮದುವೆಯೂ

ಕರ್ನಾಟಕ ಸರಕಾರವು 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸಾರಿ, ಅವರ ಭಾವಚಿತ್ರವನ್ನು ಸರಕಾರಿ ಕಚೇರಿಗಳಲ್ಲಿ ಇರಿಸಬೇಕೆಂದು ಅಪ್ಪಣೆ ಮಾಡಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಪಟದೊಳಗಿನ ಪುರುಷನು ಯಾರೆಂಬುದನ್ನು, ಅದರ ಕೆಳಗೆ ಕುಳಿತು ಕಾರ್ಯಮಾಡುವವರು ಒಮ್ಮೆ ಚಿಂತಿಸುವದು ಯುಕ್ತವೆಂದು ನಾವು ಭಾವಿಸುತ್ತೇವೆ.

12ನೆಯ ಶತಮಾನದಲ್ಲಿ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಬಸವಣ್ಣನವರು ಜನಿವಾರವನ್ನು ತ್ಯಜಿಸಿ ಕೂಡಲಸಂಗಮಕ್ಕೆ ತೆರಳಿದರು. ಮುಂದೆ ಕಳಚೂರ್ಯ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿ ಉನ್ನತ ಪದವಿಗೇರಿದರು. ಆ ಪದವಿಯಲ್ಲಿದ್ದುಕೊಂಡೇ ಅವರು ಮಾದಾರ, ಡೋಹರ, ಅಂಬಿಗ, ಮಡಿವಾಳರನ್ನು ಸಮಾನರೆಂದು ಮನೆಗೆ ಕರೆದು ಸಹಭೋಜನ ಮಾಡಿದರು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಸಾರಿದರು. ಇಷ್ಟನ್ನು ಅರಸನು ಹೇಗೋ ಸಹಿಸಿದನು. ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಶರಣರು ಮದುವೆ ಮಾಡಿದಾಗ ಮಾತ್ರ ಸಹನೆ ತೀರಿತು. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಹೂಟೆಯಿಂದ ಕೊಲ್ಲಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಬಸವಣ್ಣನವರು ಕಲ್ಯಾಣವನ್ನು ತೊರೆದು ಸಂಗಮದಲ್ಲಿ ಐಕ್ಯರಾದರು. ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಇಂದು ಧಾರವಾಡ ಸೀಮೆಯ ರೈತರು ಚಕ್ಕಡಿ ಹೂಡಿಕೊಂಡು ಯಾವ ಉಳವಿಯ ಜಾತ್ರೆಗೆ ಹೋಗುವರೋ, ಅದು ಚನ್ನಬಸವಣ್ಣನವರೊಡನೆ ಪ್ರಾಣ ಉಳಿಸಿಕೊಂಡು ಬಂದವರ ಆಶ್ರಯಸ್ಥಾನವು.

ಕಾಲವು ಈ ಬೆಂಕಿಯ ಮೇಲೆ ಮೆಲ್ಲಗೆ ಬೂದಿ ಮುಚ್ಚಿತು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಿ ಅವರು ನಂದಿಯ ಅವತಾರವಾಗಿ, ಪವಾಡಪುರುಷರಾಗಿ ಕಾಣುತ್ತಾರೆ. ಮನುಷ್ಯನು ಮಾಡಿದ್ದನ್ನು ಮನುಷ್ಯರು ಅನುಸರಿಸಬೇಕಾಗುತ್ತದೆ. ಅವತಾರಪುರುಷನಿಗಾದರೋ ಕೈಮುಗಿದರೆ ಸಾಕು! 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಬಸವಜಯಂತಿಯನ್ನು ಆರಂಭಿಸಿದರು. ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಈ ಮಹನೀಯರ ಶ್ರಮದಿಂದ ಬೂದಿಯು ಕೆದರಿ ಕೆಂಡವು ಪುನಃ ಕಂಡಿತು.

ಆದರೆ ಜಯಂತಿಯು ಮೆರವಣಿಗೆಯಾಯಿತು, ವಚನವು ಭಾಷಣದ ಅಲಂಕಾರವಾಯಿತು. 2003ರಲ್ಲಿ ಸಂಸತ್ತಿನ ಆವರಣದಲ್ಲಿ ಪ್ರತಿಮೆಯೂ ನಿಂತಿತು. ದುಡಿಮೆಯ ಹಿರಿಮೆಯನ್ನೂ ದಯೆಯನ್ನೂ ಎಲ್ಲ ವೇದಿಕೆಗಳಲ್ಲಿ ಕೊಂಡಾಡುವರು. ಆ ಮದುವೆಯ ಮಾತನ್ನು ಮಾತ್ರ ಅವಸರದಿಂದ ದಾಟಿಸುವರು. ಕಾರಣವು ಸ್ಪಷ್ಟವಾಗಿದೆ. ದಯೆಯ ಬಸವಣ್ಣನವರು ಯಾರಿಗೂ ತೊಂದರೆ ಕೊಡುವದಿಲ್ಲ; ಮದುವೆಯ ಬಸವಣ್ಣನವರು ನಮ್ಮ ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ಜಾತಿ ಮೀರಿ ಮದುವೆಯಾದ ತಪ್ಪಿಗೆ ಇಂದಿಗೂ ಈ ನಾಡಿನಲ್ಲಿ ಹೆತ್ತವರ ಕೈಯಿಂದಲೇ ಮಕ್ಕಳ ರಕ್ತ ಹರಿಯುತ್ತಿರುವದು.

ಪಟವು ಗೋಡೆಯ ಮೇಲಿರಲಿ, ಹೂಮಾಲೆಯೂ ಬೀಳಲಿ. ಆದರೆ ಬೇರೆ ಬೇರೆ ಜಾತಿಯ ವಧೂವರರು ವಿವಾಹ ನೋಂದಣಿಗಾಗಿ ಅದೇ ಕಚೇರಿಯ ಬಾಗಿಲಿಗೆ ಬಂದಾಗ, ಅಧಿಕಾರಿಗಳು ಅವರಿಗೆ ಕುರ್ಚಿಯನ್ನೂ ರಕ್ಷಣೆಯನ್ನೂ ಕೊಡಲಿ. ಬಿಜ್ಜಳನ ಆಳ್ವಿಕೆಯಲ್ಲಿ ಹರಳಯ್ಯ, ಮಧುವರಸರಿಗೆ ದೊರೆಯದೆಹೋದದ್ದು ಇದೇ. ನಿಜವಾದ ಬಸವಪೂಜೆಯು ಅಲ್ಲಿಂದಲೇ ಆರಂಭವಾಗುವದೆಂದು ನಮ್ಮ ದೃಢವಾದ ಅಭಿಪ್ರಾಯವು.