ಬರೀ ಓದೋದು ತಾನೇ? ರಿಚಿಯನ್ನು ಕೇಳಿ

ಡೆನ್ನಿಸ್ ರಿಚಿ 1941ರಲ್ಲಿ ಹುಟ್ಟಿದರು, ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿದರು, 1967ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಕಟ್ಟಿದರು, ಸಿ ಭಾಷೆ ರೂಪಿಸಿದರು. ಎಂಜಿನಿಯರಿಂಗ್ ಕಾಲೇಜಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟೇ.

ಅವರ ಇನ್ನೊಂದು ಕೆಲಸ ಸೆಟ್‌ಯುಐಡಿ ಎಂಬ ಒಂದು ಬಿಟ್. ಅದಿದ್ದರೆ ಪ್ರೋಗ್ರಾಂ ಓಡೋದು ಅದನ್ನು ಚಲಾಯಿಸಿದವರ ಅನುಮತಿಯಲ್ಲಲ್ಲ, ಅದರ ಮಾಲೀಕರ ಅನುಮತಿಯಲ್ಲಿ. ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸೋಕೆ ಆಗೋದು ಇದರಿಂದಲೇ. 1979ರಲ್ಲಿ ಪೇಟೆಂಟ್ ಸಿಕ್ಕಿತು.

ಈಗ ಎಐ ಏಜೆಂಟ್‌ಗೆ ಟೂಲ್ ಕೊಡುವಾಗಲೂ ಪ್ರಶ್ನೆ ಅದೇ. ಬರೀ ಓದೋ ಟೂಲ್ ತಾನೇ ಅಂತ ಬಿಟ್ಟುಬಿಡ್ತೀವಿ. ಆದರೆ ಓದೋದು ಯಾರ ಅನುಮತಿಯಲ್ಲಿ? ಅಡ್ಮಿನ್‌ದಾದರೆ, ಕೇಳಿದವರಿಗೆಲ್ಲ ಇಡೀ ಕಚೇರಿಯ ಸಂಬಳದ ಪಟ್ಟಿ ಸಿಗುತ್ತೆ.

2011ರ ಅಕ್ಟೋಬರಲ್ಲಿ, ಸ್ಟೀವ್ ಜಾಬ್ಸ್ ತೀರಿಕೊಂಡ ಕೆಲವೇ ದಿನಕ್ಕೆ ರಿಚಿಯ ಸಾವಿನ ಸುದ್ದಿಯೂ ಬಂತು. ಜಾಬ್ಸ್‌ರ ಐಫೋನ್ ಒಳಗೆ ಓಡುತ್ತಿದ್ದದ್ದೂ ಯುನಿಕ್ಸ್ ವಂಶದ್ದೇ.