ಬೀಗದ ಹಿಂದಿನ ಮಾತು

ಸೇವೆಯಲ್ಲಿದ್ದಾಗ ಖಜಾನೆಯ ಭದ್ರತಾ ಕೊಠಡಿಗಳನ್ನು ನಾನು ಹಲವು ಬಾರಿ ತಪಾಸಣೆ ಮಾಡಿದ್ದೇನೆ. ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಒಬ್ಬರಿಂದಲೇ ಬಾಗಿಲು ತೆರೆಯದು. ಆಗೆಲ್ಲ ನನಗೆ ನೆನಪಾಗುತ್ತಿದ್ದವರು ಬೀಗೋದ್ಯಮಿ ಅರ್ದೇಶಿರ್ ಗೋದ್ರೆಜ್.

1868ರಲ್ಲಿ ಮುಂಬೈಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಅವರು ಓದಿದ್ದು ಕಾನೂನು. 1894ರಲ್ಲಿ ಮೊಕದ್ದಮೆಯೊಂದಕ್ಕಾಗಿ ಜಾಂಜಿಬಾರಿಗೆ ತೆರಳಿದರು. ಕಕ್ಷಿದಾರನಿಗಾಗಿ ಸತ್ಯವನ್ನು ತಿರುಚಲು ಮನಸ್ಸೊಪ್ಪದೆ ವಕೀಲಿಯನ್ನೇ ತೊರೆದು ಮರಳಿದರು. ಬಳಿಕ ಮೇರ್ವಾನ್‌ಜಿ ಕಾಮಾ ಅವರಿಂದ 3,000 ರೂಪಾಯಿ ಸಾಲ ಪಡೆದು ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸಿದರು. ಕೊಳ್ಳಬೇಕಿದ್ದ ಸಂಸ್ಥೆ ಅವುಗಳ ಮೇಲೆ ಭಾರತದ ಹೆಸರು ಬೇಡವೆಂದಿತು. ಅರ್ದೇಶಿರ್ ಮಣಿಯಲಿಲ್ಲ, ಉದ್ಯಮ ನೆಲಕಚ್ಚಿತು.

ನಗರದಲ್ಲಿ ಹೆಚ್ಚುತ್ತಿದ್ದ ಕಳ್ಳತನಗಳ ಸುದ್ದಿ ಓದಿ 1897ರಲ್ಲಿ ಬೀಗ ತಯಾರಿಕೆಗೆ ಕೈಹಾಕಿದರು; ಮುಂದೆ ತಿಜೋರಿಗಳೂ ಬಂದವು. ದೇಶದ ವಸ್ತುವೆಂಬ ಕಾರಣಕ್ಕೆ ಜನ ಕಳಪೆಯನ್ನು ಸಹಿಸಬೇಕೆಂಬ ವಾದ ಸ್ವದೇಶಿ ಅಭಿಮಾನಿಯಾದ ಅವರಿಗೆ ಒಪ್ಪಿಗೆಯಾಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರ ಮರ್ಮ ಸ್ಪಷ್ಟ. ಬೀಗದ ಗುಣಮಟ್ಟ ಅಂಗಡಿಯಲ್ಲಿ ಕಾಣದು. ಕಳ್ಳ ಬಂದ ರಾತ್ರಿಯಷ್ಟೇ ತಿಳಿಯುವುದು. ಹೀಗಾಗಿ ಗ್ರಾಹಕ ಬೆಲೆ ತೆರುವುದು ತಯಾರಕನ ಮಾತಿಗೆ. ಆ ಮಾತು ಉಳಿಯಬೇಕೆಂದು ಅವರು ಎರಡು ಬಾರಿ ಜೀವನೋಪಾಯವನ್ನೇ ಬಿಟ್ಟುಕೊಟ್ಟಿದ್ದರು.

1936ರಲ್ಲಿ ಅರ್ದೇಶಿರ್ ನಿಧನರಾದರು. ಸೋದರ ಪಿರೋಜ್‌ಶಾ ಬೆಳೆಸಿದ ಅದೇ ಸಂಸ್ಥೆ 1951-52ರ ಮೊದಲ ಮಹಾಚುನಾವಣೆಗೆ ಲಕ್ಷಾಂತರ ಉಕ್ಕಿನ ಮತಪೆಟ್ಟಿಗೆಗಳನ್ನು ಒದಗಿಸಿತು. ಮನೆಯ ಒಡವೆ ಕಾಯಲು ಹುಟ್ಟಿದ ಕಸುಬು ಪ್ರಜೆಯ ಮತವನ್ನೂ ಕಾಯಿತು. ದೇಶೀಯ ತಯಾರಿಕೆಗೆ ಸುಂಕದ ಆಸರೆ, ಸಹಾಯಧನ ಕೇಳುವ ನಮ್ಮ ಉದ್ಯಮಿಗಳು ಈ ಬದುಕನ್ನೊಮ್ಮೆ ಅವಲೋಕಿಸುವುದು ಒಳಿತು.