ಮಗನಿಗೆ ಗುಂಡಿಕ್ಕಿದ ತಾಯಿ, ಮಗನಿಗಾಗಿ ಮರುಗಿದ ತಾಯಿ: ನರ್ಗೀಸ್ ಎಂಬ ಎರಡು ಬದುಕು

ದಾರಿ ತಪ್ಪಿದ ಮಗನಿಗೆ ತಾನೇ ಗುಂಡಿಕ್ಕಿದ ತಾಯಿ ಎಂದೊಡನೆ ಹಿಂದಿ ಚಿತ್ರಪ್ರೇಮಿಗಳ ಕಣ್ಣ ಮುಂದೆ ಮೂಡುವ ಮುಖ ನರ್ಗೀಸ್ ಅವರದು. 1957ರಲ್ಲಿ ತೆರೆಕಂಡ ‘ಮದರ್ ಇಂಡಿಯಾ’ದ ಆ ಒಂದು ದೃಶ್ಯ ಮುಂದಿನ ಹಲವು ದಶಕಗಳ ಡಕಾಯಿತರ ಹಾಗೂ ಭೂಗತ ಲೋಕದ ಚಿತ್ರಗಳಿಗೆ ಕಟ್ಟಳೆಯೊಂದನ್ನು ಹಾಕಿಕೊಟ್ಟಿತು. ಮಗ ಎಷ್ಟೇ ಅಕ್ಕರೆಯವನಾದರೂ ತಾಯಿಯ ನ್ಯಾಯದ ಮುಂದೆ ಅವನಿಗೆ ವಿನಾಯಿತಿ ಇಲ್ಲ ಎಂಬುದೇ ಆ ಕಟ್ಟಳೆ. ಆದರೆ ಆ ತಾಯಿಯ ಪಾತ್ರಕ್ಕೆ ಜೀವ ತುಂಬಿದ ಕಲಾವಿದೆಯ ಸ್ವಂತ ಬದುಕು ಅಷ್ಟು ನೇರವಾದ ತೀರ್ಪಿಗೆ ಒಗ್ಗುವಂಥದ್ದಾಗಿರಲಿಲ್ಲ. ಪ್ರೀತಿ ಮತ್ತು ಕುಟುಂಬನಿಷ್ಠೆಗಳ ನಡುವಣ ಎಳೆದಾಟದಲ್ಲೇ ಅದು ಸಾಗಿತು.

ನರ್ಗೀಸ್ ಜನಿಸಿದ್ದು 1929ರ ಜೂನ್ 1ರಂದು, ಕಲ್ಕತ್ತದಲ್ಲಿ. ಮನೆಯವರು ಇಟ್ಟ ಹೆಸರು ಫಾತಿಮಾ ರಶೀದ್. ತಾಯಿ ಜದ್ದನ್‌ಬಾಯಿ ಹೆಸರಾಂತ ಹಿಂದೂಸ್ತಾನಿ ಗಾಯಕಿ. ಅಭಿನಯ, ಸಂಗೀತ ನಿರ್ದೇಶನ, ಚಿತ್ರನಿರ್ಮಾಣಗಳಲ್ಲಿ ಕೈಯಾಡಿಸಿ ಸ್ವಂತ ಸಂಸ್ಥೆಯನ್ನೇ ಕಟ್ಟಿದ ದಿಟ್ಟ ಮಹಿಳೆ. ತಂದೆ ಉತ್ತಮ್‌ಚಂದ್ ಮೋಹನ್‌ಚಂದ್, ಜದ್ದನ್‌ಬಾಯಿ ಅವರನ್ನು ವರಿಸುವ ಸಲುವಾಗಿ ಧರ್ಮವನ್ನೇ ಬದಲಿಸಿ ಅಬ್ದುಲ್ ರಶೀದ್ ಆದವರು. ಪ್ರೀತಿಗಾಗಿ ಕುಲ, ಮನೆತನಗಳನ್ನು ತೊರೆದವರ ಕಥೆ ಹೀಗೆ ಆ ಮನೆಯಲ್ಲಿ ಮೊದಲೇ ಇತ್ತು. ಮಗಳು 1935ರಲ್ಲೇ ಬಾಲನಟಿಯಾಗಿ ತೆರೆಯ ಮೇಲೆ ಕಾಣಿಸಿಕೊಂಡಳು. ವೈದ್ಯೆಯಾಗಬೇಕೆಂಬ ಆಸೆ ಆಕೆಗಿತ್ತು. ಆದರೆ 1943ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಮೆಹಬೂಬ್ ಖಾನ್ ಅವರ ‘ತಕ್ದೀರ್’ ಚಿತ್ರದ ನಾಯಕಿಯಾಗಿ ಆಕೆ ಕ್ಯಾಮೆರಾದ ಮುಂದೆ ನಿಲ್ಲಬೇಕಾಯಿತು. 1949ರಲ್ಲಿ ತಾಯಿ ತೀರಿಕೊಂಡಾಗ ಇಪ್ಪತ್ತರ ಹೊಸ್ತಿಲಲ್ಲಿದ್ದ ನರ್ಗೀಸ್ ಆಗಲೇ ಮನೆಯ ದುಡಿಯುವ ಕೈಯಾಗಿದ್ದರು. ಅಣ್ಣಂದಿರಾದ ಅಖ್ತರ್ ಹುಸೇನ್ ಮತ್ತು ಅನ್ವರ್ ಹುಸೇನ್ ಅವರ ಸಂಸಾರಗಳ ಭಾರವೂ ಆಕೆಯ ಹೆಗಲಿಗೆ ತಗುಲಿಕೊಂಡಿತ್ತು.

ಅದೇ 1949ರಲ್ಲಿ ಬಂದ ‘ಅಂದಾಜ್’ ಮತ್ತು ‘ಬರ್ಸಾತ್’ ಚಿತ್ರಗಳು ಅವರನ್ನು ತಾರಾಪಟ್ಟಕ್ಕೇರಿಸಿದವು. ‘ಬರ್ಸಾತ್’ನೊಂದಿಗೆ ರಾಜ್ ಕಪೂರ್ ಅವರ ಆರ್.ಕೆ. ಸಂಸ್ಥೆಯ ಜತೆ ಗಟ್ಟಿ ನಂಟು ಬೆಳೆಯಿತು. 1951ರ ‘ಆವಾರಾ’ ಆ ಜೋಡಿಯ ಶಿಖರ. ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ ಆ ಕಥೆಯಲ್ಲಿ, ಡಕಾಯಿತ ಜಗ್ಗನ ಸೇಡಿಗೆ ಸಿಕ್ಕ ನ್ಯಾಯಾಧೀಶನ ಹೆಂಡತಿ ಗಂಡನ ಸಂಶಯಕ್ಕೆ ಗುರಿಯಾಗಿ ಬೀದಿಪಾಲಾಗುತ್ತಾಳೆ. ಕೊಳೆಗೇರಿಯಲ್ಲಿ ಬೆಳೆದ ಮಗನನ್ನು ಅದೇ ಜಗ್ಗ ಕಳ್ಳನನ್ನಾಗಿ ಪಳಗಿಸುತ್ತಾನೆ. ಆ ನೊಂದ ತಾಯಿಯಾಗಿ ನಟಿಸಿದ ಲೀಲಾ ಚಿಟ್ನಿಸ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ನರ್ಗೀಸ್ ಅವರದು ವಕೀಲೆ ರೀಟಾಳ ಪಾತ್ರ. ತನ್ನನ್ನು ಸಾಕಿ ಸಲಹಿದ ನ್ಯಾಯಾಧೀಶನನ್ನೇ ಸಾಕ್ಷಿಕಟ್ಟೆಯಲ್ಲಿ ಪ್ರಶ್ನಿಸಿ, ಆರೋಪಿಯಾಗಿ ನಿಂತ ಪ್ರಿಯಕರನ ಪರ ಆಕೆ ವಾದಿಸುತ್ತಾಳೆ. ಸಾಕಿದವರ ಋಣ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ನಿಂತಾಗ ರೀಟಾ ಪ್ರೀತಿಯನ್ನು ಆರಿಸಿಕೊಳ್ಳುತ್ತಾಳೆ. ಆದರೆ ಅಪರಾಧವನ್ನು ಮುಚ್ಚಿಡುವುದಿಲ್ಲ. ಶಿಕ್ಷೆ ಮುಗಿಸಿ ಬರುವವರೆಗೆ ಕಾಯಲು ಸಿದ್ಧಳಾಗುತ್ತಾಳೆ. ಈ ಚಿತ್ರ ಸೋವಿಯತ್ ಒಕ್ಕೂಟದಲ್ಲೂ ಅಪಾರ ಜನಪ್ರಿಯತೆ ಗಳಿಸಿತು.

ತೆರೆಯ ಮೇಲಿನ ಕಾಯುವಿಕೆಗೆ ಕೊನೆಯಿತ್ತು, ಬದುಕಿನಲ್ಲಿ ಇರಲಿಲ್ಲ. ರಾಜ್ ಕಪೂರ್ ವಿವಾಹಿತರು, ಮಕ್ಕಳ ತಂದೆ. ತಮ್ಮ ಸಂಸಾರವನ್ನು ತೊರೆಯಲು ಅವರು ಸಿದ್ಧರಿರಲಿಲ್ಲ. ಹೀಗೆ ಒಬ್ಬರ ಕುಟುಂಬನಿಷ್ಠೆಯೇ ಮತ್ತೊಬ್ಬರ ಪ್ರೀತಿಗೆ ಗೋಡೆಯಾಯಿತು. 1956ರ ‘ಚೋರಿ ಚೋರಿ’ ಇಬ್ಬರೂ ನಾಯಕ ನಾಯಕಿಯರಾಗಿ ನಟಿಸಿದ ಕೊನೆಯ ಚಿತ್ರ. ಅದೇ ವರ್ಷದ ‘ಜಾಗತೇ ರಹೋ’ದಲ್ಲಿ ಬಾಯಾರಿದವನಿಗೆ ನೀರೆರೆಯುವ ಕಿರುಪಾತ್ರವೊಂದರಲ್ಲಿ ಕಾಣಿಸಿಕೊಂಡು ನರ್ಗೀಸ್ ಆರ್.ಕೆ. ಸಂಸ್ಥೆಯಿಂದ ಹೊರನಡೆದರು.

ಆ ಹೊತ್ತಿನಲ್ಲಿ ಅವರ ಕೈಯಲ್ಲಿದ್ದದ್ದು ಮೆಹಬೂಬ್ ಖಾನ್ ಅವರ ‘ಮದರ್ ಇಂಡಿಯಾ’. 1940ರಲ್ಲಿ ತಾವೇ ನಿರ್ದೇಶಿಸಿದ್ದ ‘ಔರತ್’ ಚಿತ್ರವನ್ನು ಮೆಹಬೂಬ್ ಹೊಸದಾಗಿ ರೂಪಿಸುತ್ತಿದ್ದರು. ಸಾಲಗಾರ ಸುಖೀಲಾಲನ ಹಿಡಿತದಲ್ಲಿ ನಲುಗಿದ ರೈತ ಮಹಿಳೆ ರಾಧಾ, ಅದೇ ಅನ್ಯಾಯಕ್ಕೆ ಕೆರಳಿ ಡಕಾಯಿತನಾದ ಕಿರಿಯ ಮಗ ಬಿರ್ಜು. ಸುಖೀಲಾಲನ ಮಗಳನ್ನು ಮದುವೆಯ ದಿನವೇ ಅಪಹರಿಸಿ ಓಡುವ ಬಿರ್ಜುವಿಗೆ ರಾಧಾ ಗುಂಡಿಕ್ಕುತ್ತಾಳೆ. ಊರಿನ ಹೆಣ್ಣುಮಗಳ ಮಾನ ತನ್ನ ಕರುಳಬಳ್ಳಿಗಿಂತ ಮಿಗಿಲೆಂದು ನಿರ್ಧರಿಸಿದ ಆ ತಾಯಿ, ಮರುಗಳಿಗೆಯೇ ಮಗನನ್ನು ಅಪ್ಪಿಕೊಂಡು ಗೋಳಿಡುತ್ತಾಳೆ. ನ್ಯಾಯವನ್ನು ಕೈಗೊಂಡವಳೂ ಅವಳೇ, ಅದರ ಬೆಲೆ ತೆತ್ತವಳೂ ಅವಳೇ. ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಈ ಚಿತ್ರದ ಅಭಿನಯಕ್ಕಾಗಿ ನರ್ಗೀಸ್ ಅವರಿಗೆ 1958ರಲ್ಲಿ ಕಾರ್ಲೊವಿ ವಾರಿ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ಪದ್ಮಶ್ರೀ ಪುರಸ್ಕಾರವೂ ಸಂದಿತು.

ಬಿರ್ಜುವಾಗಿ ನಟಿಸಿದ ಸುನಿಲ್ ದತ್ ಬಹುತೇಕ ನರ್ಗೀಸ್ ಅವರದೇ ವಯಸ್ಸಿನವರು. ಇಂದಿನ ಗುಜರಾತಿನಲ್ಲಿ ಚಿತ್ರೀಕರಣ ನಡೆದಿದ್ದಾಗ, ಹುಲ್ಲಿನ ಬಣವೆಗಳಿಗೆ ಹಚ್ಚಿದ ಬೆಂಕಿ ಅಂಕೆ ಮೀರಿ ನರ್ಗೀಸ್ ಅದರ ನಡುವೆ ಸಿಲುಕಿದರು. ಸುನಿಲ್ ಜ್ವಾಲೆಗೆ ನುಗ್ಗಿ ಅವರನ್ನು ಹೊರತಂದರು. ಸುಟ್ಟಗಾಯಗಳಿಂದ ಜ್ವರ ಹಿಡಿದು ಮಲಗಿದ ಅವರನ್ನು ಆರೈಕೆ ಮಾಡಿದವರು ನರ್ಗೀಸ್. ಸುನಿಲ್ ಅವರ ಸಹೋದರಿಯ ಕಾಯಿಲೆಗೂ ತಾವೇ ಮುಂದೆ ನಿಂತು ಚಿಕಿತ್ಸೆ ಕೊಡಿಸಿದರು. 1958ರ ಮಾರ್ಚ್ 11ರಂದು ಇಬ್ಬರೂ ವಿವಾಹವಾದರು. ತೆರೆಯ ಮೇಲೆ ತಾಯಿ ಮಗನಾಗಿದ್ದವರ ಮದುವೆಯ ಸುದ್ದಿಯನ್ನು ಕೆಲಕಾಲ ಗುಟ್ಟಾಗಿಯೇ ಇಡಬೇಕಾಯಿತು.

ಮದುವೆಯ ನಂತರ ನರ್ಗೀಸ್ ಬೇಡಿಕೆಯ ಉತ್ತುಂಗದಲ್ಲೇ ಬಣ್ಣದ ಬದುಕಿಗೆ ಬೆನ್ನು ತಿರುಗಿಸಿ ಸಂಸಾರಕ್ಕೆ ನಿಂತರು. ಸಂಜಯ್, ನಮ್ರತಾ, ಪ್ರಿಯಾ ಎಂಬ ಮೂವರು ಮಕ್ಕಳ ತಾಯಿಯಾದರು. ಅಣ್ಣಂದಿರ ಒತ್ತಾಸೆಗೆ ಮಣಿದು ನಟಿಸಿದ ‘ರಾತ್ ಔರ್ ದಿನ್’ 1967ರಲ್ಲಿ ಬಿಡುಗಡೆಯಾಗಿ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಆ ಪ್ರಶಸ್ತಿಗೆ ಪಾತ್ರರಾದ ಮೊದಲಿಗರು ಅವರೇ. ಪತಿಯೊಂದಿಗೆ ಅಜಂತಾ ಕಲಾತಂಡ ಕಟ್ಟಿ ಗಡಿಯ ಯೋಧರನ್ನು ರಂಜಿಸಿದರು. ಮಿದುಳಿನ ಪಾರ್ಶ್ವವಾಯು ಪೀಡಿತ ಮಕ್ಕಳಿಗಾಗಿ ದುಡಿದರು. 1980ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಇತ್ತ ರಾಧಾಳ ಪಾತ್ರ ಚಿತ್ರರಂಗದಲ್ಲಿ ತನ್ನದೇ ದಾರಿ ಹಿಡಿದಿತ್ತು. 1975ರ ‘ದೀವಾರ್’ನಲ್ಲಿ ಸಲೀಂ-ಜಾವೇದ್ ಜೋಡಿ ಆಕೆಯನ್ನು ಹಳ್ಳಿಯಿಂದ ಮುಂಬೈಯ ಬೀದಿಗೆ ಕರೆತಂದಿತು. ಕಳ್ಳಸಾಗಣೆಯ ಹಣದ ಬಂಗಲೆಯನ್ನು ಧಿಕ್ಕರಿಸಿ ಪೊಲೀಸ್ ಅಧಿಕಾರಿಯಾದ ಕಿರಿಯ ಮಗನ ಪುಟ್ಟ ಮನೆಗೆ ನಡೆಯುವ, ಹಿರಿಯವನ ವಿರುದ್ಧ ಅವನ ಕೈಗೆ ತಾನೇ ಪಿಸ್ತೂಲು ಕೊಡುವ, ಕೊನೆಗೆ ದೇವಾಲಯದಲ್ಲಿ ಸಾಯುವ ಮಗನಿಗೆ ಮಡಿಲಾಗುವ ತಾಯಿಯಾಗಿ ನಿರೂಪಾ ರಾಯ್ ನಟಿಸಿದರು. ತಾಯಿ ಬೇರೆಯಾದರೂ ಕಟ್ಟಳೆ ಅದೇ.

ಸ್ವಂತ ಮನೆಯಲ್ಲಿ ನರ್ಗೀಸ್ ಮಗನ ವಿಷಯದಲ್ಲಿ ರಾಧಾ ಆಗಿರಲಿಲ್ಲ. ಸಂಜಯ್ ಎಂದರೆ ಅವರಿಗೆ ಎಲ್ಲಿಲ್ಲದ ಮುದ್ದು. ಮಗ ಮಾದಕ ವಸ್ತುಗಳ ಸೆಳೆತಕ್ಕೆ ಸಿಲುಕಿದ್ದ ಕಾಲದಲ್ಲೇ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗುಲಿತು. ನ್ಯೂಯಾರ್ಕಿನಲ್ಲಿ ದೀರ್ಘ ಚಿಕಿತ್ಸೆ ನಡೆಯಿತು. ಅಲ್ಲಿನ ಆಸ್ಪತ್ರೆಯಿಂದ ಮಗನಿಗಾಗಿ ತಮ್ಮ ಮಾತುಗಳನ್ನು ಧ್ವನಿಸುರುಳಿಯಲ್ಲಿ ಮುದ್ರಿಸಿದರು. 1981ರ ಮೇ 3ರಂದು ಮುಂಬೈಯಲ್ಲಿ ಕೊನೆಯುಸಿರೆಳೆದಾಗ ಅವರಿಗೆ ಐವತ್ತೊಂದು ವರ್ಷ. ಮಗನ ಮೊದಲ ಚಿತ್ರ ‘ರಾಕಿ’ ತೆರೆಕಂಡದ್ದು ಕೆಲವೇ ದಿನಗಳ ನಂತರ. ಪ್ರಥಮ ಪ್ರದರ್ಶನದಲ್ಲಿ ಅವರ ಆಸನವನ್ನು ಖಾಲಿ ಬಿಡಲಾಗಿತ್ತು. ತಾಯಿ ಸತ್ತಾಗ ಅಳಲಾಗದಿದ್ದ ತಾನು, ಬಹುಕಾಲದ ನಂತರ ಆ ಧ್ವನಿಸುರುಳಿ ಕೇಳಿ ಅತ್ತದ್ದನ್ನು ಸಂಜಯ್ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು. ಅಮೆರಿಕದಲ್ಲಿ ಚಿಕಿತ್ಸೆ ಪಡೆದು ಅವರು ವ್ಯಸನದಿಂದ ಹೊರಬಂದರು.

ಆದರೆ ನಿಜವಾದ ಬಂದೂಕು ಆ ಮನೆಯ ಕಥೆಗೆ ಪ್ರವೇಶಿಸಿದ್ದು 1993ರಲ್ಲಿ. ಮುಂಬೈ ಸರಣಿ ಸ್ಫೋಟಗಳ ತನಿಖೆಯಲ್ಲಿ ಸಂಜಯ್ ಬಂಧನಕ್ಕೊಳಗಾದರು. ಭಯೋತ್ಪಾದನೆಯ ಸಂಚಿನ ಆರೋಪದಿಂದ ಮುಕ್ತರಾದರೂ ಅಕ್ರಮ ಶಸ್ತ್ರಾಸ್ತ್ರ ಹೊಂದಿದ ಅಪರಾಧ ಸಾಬೀತಾಗಿ, 2013ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷಗಳ ಶಿಕ್ಷೆಯನ್ನು ನಿಗದಿಪಡಿಸಿತು. 2016ರಲ್ಲಿ ಅವರು ಬಿಡುಗಡೆಯಾದರು. ಸಂಸದರಾಗಿದ್ದ ತಂದೆ ಸುನಿಲ್ ದತ್ 2005ರಲ್ಲಿ ತೀರಿಕೊಳ್ಳುವವರೆಗೂ ಮಗನ ಬೆನ್ನಿಗೆ ನಿಂತಿದ್ದರು. ಅಂದು ತೆರೆಯ ಮೇಲೆ ತಾಯಿಯ ಗುಂಡಿಗೆ ಬಲಿಯಾದ ಬಿರ್ಜು ಇವರೇ.

ವಿಚಾರಣೆ ನಡೆದಿದ್ದ ಆ ವರ್ಷಗಳಲ್ಲೇ, 1999ರಲ್ಲಿ, ಮಹೇಶ್ ಮಾಂಜ್ರೇಕರ್ ನಿರ್ದೇಶನದ ‘ವಾಸ್ತವ್’ ಬಂದಿತು. ಭೂಗತ ಲೋಕ ಹೊಕ್ಕು, ಎಲ್ಲರಿಗೂ ಬೇಡವಾಗಿ, ಚಿತ್ತ ಕದಡಿದ ರಘುವಿನ ಪಾತ್ರ ಸಂಜಯ್ ಅವರದು. ಕೊನೆಯಲ್ಲಿ ಆತನ ತಾಯಿ, ರೀಮಾ ಲಾಗೂ, ಯಾತನೆಯಿಂದ ಮಗನನ್ನು ಬಿಡಿಸಲು ತಾನೇ ಗುಂಡು ಹಾರಿಸುತ್ತಾಳೆ. ಶಿಕ್ಷೆಯಾಗಿದ್ದ ಗುಂಡು ನಲವತ್ತೆರಡು ವರ್ಷಗಳಲ್ಲಿ ಕರುಣೆಯಾಗಿ ಬದಲಾಗಿತ್ತು. ನರ್ಗೀಸ್ ಹಾರಿಸಿದ ಆ ಮೊದಲ ಗುಂಡಿನ ಪ್ರತಿಧ್ವನಿಯನ್ನು ತೆರೆಯ ಮೇಲೆ ಎದೆಗೊಡ್ಡಿ ನಿಂತವರು ಅವರದೇ ಮಗ.

ನರ್ಗೀಸ್ ಅವರ ಸಮಾಧಿ ಮುಂಬೈಯ ಬಡಾ ಖಬರಸ್ತಾನದಲ್ಲಿದೆ. ಪತ್ನಿಯ ಹೆಸರಿನಲ್ಲಿ ಸುನಿಲ್ ದತ್ ಸ್ಥಾಪಿಸಿದ ಪ್ರತಿಷ್ಠಾನ ಕ್ಯಾನ್ಸರ್ ರೋಗಿಗಳ ನೆರವಿಗೆ ನಿಂತಿತು. ಅಪರಾಧಿ ಮಗನನ್ನು ಕೊಲ್ಲುವ ತಾಯಿಗೆ ಜನ ಚಪ್ಪಾಳೆ ತಟ್ಟಿದರು. ತಪ್ಪು ಮಾಡಿದ ಮಗನನ್ನು ಕೊಲ್ಲದೆ, ಕೈಬಿಡದೆ, ಕಾನೂನು ಕೊಟ್ಟ ಶಿಕ್ಷೆ ಮುಗಿಯುವವರೆಗೆ ಕಾಯುವುದು ಅದಕ್ಕಿಂತ ಕಠಿಣವಾದ ಕೆಲಸ. ‘ಆವಾರಾ’ದ ರೀಟಾ ಆರಿಸಿಕೊಂಡದ್ದು ಆ ದಾರಿಯನ್ನು. ನರ್ಗೀಸ್ ಅವರ ಮನೆಯವರಿಗೆ ಬದುಕು ತೋರಿದ್ದೂ ಅದನ್ನೇ.